ಸಂವಿಧಾನ ಒಪ್ಪದ ಮಾವ

ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ಅಪ್ಪ, ಅಮೆರಿಕ ನೋಡಿದವರಲ್ಲ. ಆದರೆ ಅಮೆರಿಕದ ಸಂವಿಧಾನ ಇನ್ನೂ ಪಾಸಾಗಿಲ್ಲ, ತಮ್ಮೊಬ್ಬರ ಒಪ್ಪಿಗೆಗಾಗಿ ಕಾದು ಕೂತಿದೆ ಎಂದೇ ಅವರ ನಂಬಿಕೆ!

ಧಾರವಾಡದ ಕಾಲೇಜೊಂದರಲ್ಲಿ ಅವರು ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಆ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂದು ಅಮೆರಿಕದ ರಾಜ್ಯಗಳಲ್ಲಿ ನಡೆದ ಚರ್ಚೆಯನ್ನು ಪ್ರತಿವರ್ಷ ತರಗತಿಯಲ್ಲಿ ಆಡಿಸುತ್ತಿದ್ದರಂತೆ. ಗೆದ್ದವರು ಯಾರೆಂದು ಪುಸ್ತಕದಲ್ಲೇ ಬರೆದಿರುವಾಗ ಬೇಡವೆಂದು ಸೋತವರ ಪರ ಯಾವ ಹುಡುಗ ಮಾತಾಡುತ್ತಾನೆ? ಮಾವನೇ ಮಾತಾಡಿದರು. ನಿವೃತ್ತರಾಗಿ, ಅತ್ತೆಯ ಜೊತೆ ವಿಸಿಟರ್ ವೀಸಾದಲ್ಲಿ ಸಿಡ್ನಿಯ ಬ್ಲ್ಯಾಕ್‌ಟೌನಿನ ನಮ್ಮ ಮನೆಗೆ ಬಂದಮೇಲೂ ನಿಲ್ಲಿಸಲಿಲ್ಲ.

"ಸರಕಾರದ ಅಧಿಕಾರ ಎಲ್ಲಾ ಬರದಾರ. ಮಂದಿ ಹಕ್ಕು ಎಲ್ಲೈತ್ರಿ ಅಳಿಯಂದ್ರ?"

ಆಫೀಸಿಗೆ ಓಡುವ ಹೊತ್ತಿನಲ್ಲಿ ನಾನೇನು ಹೇಳಲಿ? ಹುಡುಕುತ್ತೇನೆ ಎಂದು ಹೊರಟುಬಿಡುತ್ತಿದ್ದೆ.

ಆಗ ಬರಗಾಲ, ನೀರಿಗೆ ನಿರ್ಬಂಧ. ಯಾರು ಯಾವಾಗ ಸ್ನಾನ ಮಾಡಬೇಕು ಎಂದು ನನ್ನ ಹೆಂಡತಿ ಒಂದು ನಿಯಮ ಮಾಡಿದಳು. ಮಾವ ಟವೆಲ್ ಸುತ್ತಿಕೊಂಡು ಬಚ್ಚಲ ಬಾಗಿಲಲ್ಲೇ ನಿಂತರು.

"ಇದನ್ನ ಯಾರ್ ಒಪ್ಪಿದ್ರು?"

"ನಾನ ಒಪ್ಪೀನಿ ಅಪ್ಪಾ."

"ಮಾಡಿದಾಕಿನೂ ನೀನ, ಒಪ್ಪಿದಾಕಿನೂ ನೀನ! ಇದ್ಯಾವ ನ್ಯಾಯ?"

ಚರ್ಚೆ ಮುಗಿಯುವಷ್ಟರಲ್ಲಿ ನಮ್ಮ ಮಗಳು ಒಳಗೆ ಹೋಗಿ, ಬಿಸಿನೀರೆಲ್ಲ ಖಾಲಿ ಮಾಡಿ ಹೊರಬಂದಿದ್ದಳು. "ಸಾರಿ ಅಜ್ಜಾ, ಯೂ ವರ್ ಸ್ಟಿಲ್ ಡಿಬೇಟಿಂಗ್" ಎಂದಳು. ಮಾವ ತಣ್ಣೀರಲ್ಲೇ ಮಿಂದರು. ಒಪ್ಪಿಗೆ ಮಾತ್ರ ಕೊಡಲಿಲ್ಲ.

ಇಂಥವರ ಕೈಗೆ, ಸಿಡ್ನಿ ಮತ್ತು ಮೆಲ್ಬರ್ನ್ ಕನ್ನಡಿಗರು ಸೇರಿ ಕಟ್ಟಲಿದ್ದ ಹೊಸ ಸಂಘದ ಸಂವಿಧಾನದ ಕರಡು ಸಿಕ್ಕಿದರೆ ಏನಾಗಬೇಡ! ಅದರಲ್ಲೊಂದು ನಿಯಮವಿತ್ತು: ವೇದಿಕೆಯಲ್ಲಿ ಸದಸ್ಯರು ಮಾತ್ರ ಮಾತಾಡಬಹುದು. ಮಕ್ಕಳ ಮನೆಗೆ ಬಂದುಹೋಗುವ ಹಿರಿಯರು ಸದಸ್ಯರಲ್ಲ. ನಮ್ಮ ಅತ್ತೆಯಂಥವರು ಪ್ರತಿ ಹಬ್ಬಕ್ಕೂ ಹಿಂದಿನ ಸಾಲಿನಲ್ಲಿ ಕೂತು, ಚಪ್ಪಾಳೆ ತಟ್ಟಿ, ಉಂಡು ಬರಬೇಕು, ಅಷ್ಟೇ. ಅತ್ತೆ-ಮಾವ ಊರಿಗೆ ಹೊರಡುವ ದಿನವೂ ಹತ್ತಿರವಾಗಿತ್ತು. ಹಿರಿಯರಿಗೂ ಐದು ನಿಮಿಷ ಮಾತಾಡುವ ಹಕ್ಕು ಬರೆಸದೆ ವಿಮಾನ ಹತ್ತುವುದಿಲ್ಲ ಎಂದು ಮಾವ ಹಟ ಹಿಡಿದರು.

ಸಭೆ ಇದ್ದದ್ದು ಮೆಲ್ಬರ್ನಿನ ಕ್ಲೇಟನ್ನಿನಲ್ಲಿ. ಕಾರಿನಲ್ಲಿ ಇಡೀ ದಿನದ ದಾರಿ. ಉದ್ದಕ್ಕೂ ಮಾವನ ಬಾಯಲ್ಲಿ ಅದೇ ಅಮೆರಿಕದ ರಾಜ್ಯಗಳ ಚರ್ಚೆ. ಗೌಲ್ಬರ್ನ್ ದಾಟುವಾಗ ಮ್ಯಾಸಚೂಸೆಟ್ಸ್ ಒಪ್ಪಿತ್ತು, ಆಲ್ಬರಿಯ ಹೊತ್ತಿಗೆ ವರ್ಜೀನಿಯಾವೂ ಒಪ್ಪಿತು. ರೋಡ್ ಐಲ್ಯಾಂಡ್ ಮಾತ್ರ ಕ್ಲೇಟನ್ ಬಂದರೂ ಜಗ್ಗಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಒಂದು ಮಾತೂ ಆಡದೆ ಕಿತ್ತಳೆ ಸುಲಿದು ಕೊಡುತ್ತಿದ್ದರು.

ಸಭೆಯಲ್ಲಿ ಹೊಸ ತೊಡಕು. ಮಾವ ಸದಸ್ಯರಲ್ಲವಲ್ಲ, ಮಾತಾಡುವ ಹಾಗಿಲ್ಲ! "ಅಳಿಯಂದ್ರ, ನಿಮ್ಮ ಬಾಯಿ ಕೊಡ್ರಿ" ಎಂದು ನನ್ನ ಪಕ್ಕದಲ್ಲಿ ಕೂತರು. ಅವರು ಧಾರವಾಡ ಕನ್ನಡದಲ್ಲಿ ಪಿಸುಗುಟ್ಟಿದ್ದನ್ನು ನಾನು ಬೆಂಗಳೂರು ಕನ್ನಡದಲ್ಲಿ ಕೂಗಿದೆ. ಅವರ ಸಿಟ್ಟನ್ನೂ ನಾನೇ ಮಾಡಬೇಕಾಯಿತು.

"ಸರ್, ಬಿಸಿಬೇಳೆಬಾತ್ ತಣ್ಣಗಾಗ್ತಾ ಇದೆ" ಎಂದರು ಅಧ್ಯಕ್ಷರು.

"ಅಮೆರಿಕದಲ್ಲೂ ಹೀಗೇ ಅವಸರ ಮಾಡಿದ್ರು!" ಎಂದೆ ನಾನು. ನನಗೇ ಭಯವಾಯಿತು.

ಕೊನೆಗೆ ಹಸಿವು ಗೆದ್ದಿತು. ತಿದ್ದುಪಡಿಗೆ ಎಲ್ಲರೂ ಕೈ ಎತ್ತಿದರು. "ಬನ್ನಿ ಅಂಕಲ್, ಮೊದಲ ಐದು ನಿಮಿಷ ನಿಮ್ದೇ" ಎಂದು ಅಧ್ಯಕ್ಷರು ಮೈಕ್ ಚಾಚಿದರು. ಸಭೆ ನಿಟ್ಟುಸಿರಿಟ್ಟು ಕುರ್ಚಿಗೊರಗಿತು.

ಮಾವ ಏಳಲಿಲ್ಲ. ಹಿಂದಿನ ಸಾಲಿಗೆ ತಿರುಗಿ, "ನೀ ಹೋಗು" ಎಂದರು.

ಅತ್ತೆ ಎದ್ದರು. ಸೆರಗು ಹೊದ್ದುಕೊಂಡು ವೇದಿಕೆ ಹತ್ತಿದರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ನನ್ನ ಹೆಸರು ಗಿರಿಜಾ ರೀ. ಎಲ್ಲಾರೂ ಆಂಟಿ ಅಂತೀರಿ, ಪ್ರೀತಿಲೇನ ಅಂತೀರಿ. ಹೆಸರು ಯಾರೂ ಕೇಳಿರಲಿಲ್ಲ. ಊರಿಗೆ ಹೋಗೂಕಿಂತ ಮೊದಲ ಹೇಳಬೇಕು ಅನಿಸ್ತು. ಅಷ್ಟ."

ಅತ್ತೆ ಮೈಕ್ ವಾಪಸು ಕೊಡುವಾಗ ಮಾವನ ಕೈ ಮೇಲೆದ್ದಿತು. ಅಧ್ಯಕ್ಷರು ಹೆದರಿ, "ಆಕ್ಷೇಪಣೆನಾ ಅಂಕಲ್?" ಎಂದರು.

"ಹೌದ್ರಿ. ಆಕೀದು ಇನ್ನೂ ಟೈಮ್ ಐತಿ." ಮಾವ ಅತ್ತೆಯ ಕಡೆ ನೋಡಿದರು. "ಇಷ್ಟು ವರ್ಷ ಬರೇ ನಾನ ಮಾತಾಡೀನಿ. ನೀ ಹೇಳು ಗಿರಿಜಾ, ನಾ ಕೇಳ್ತೀನಿ."