ಎಮ್ಮೆ ಡಾಕ್ಟರರ ಹಾರ್ಮೋನು

ಹಳಿಯಾಳದ ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೊಟ್ಟಿಗೆಗೆ ಹೋದರೂ ನನ್ನ ಕೈಗುಣದ ಕರುವೊಂದು ಬಾಲವೆತ್ತಿಕೊಂಡು ಓಡಾಡುತ್ತಿರುತ್ತದೆ. ನಾನು ಪಶು ಆಸ್ಪತ್ರೆಯ ಪರಿವೀಕ್ಷಕ. ಬೆದೆಗೆ ಬಂದ ಎಮ್ಮೆ, ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಸರಕಾರ ನನ್ನನ್ನು ಡಾಕ್ಟರ್ ಎನ್ನುವುದಿಲ್ಲ, ಜನ ಎನ್ನುತ್ತಾರೆ. ನಾನು ಜನಾಭಿಪ್ರಾಯಕ್ಕೆ ತಲೆಬಾಗುವವನು.

ಇಂಥ ಸಂತಾನಪ್ರದಾಯಕನ ಸ್ವಂತ ಮನೆಯಲ್ಲಿ ಮದುವೆಯಾಗಿ ನಾಲ್ಕು ವರ್ಷವಾದರೂ ತೊಟ್ಟಿಲು ಕಟ್ಟಲಿಲ್ಲ. ಹೆಂಡತಿ ದಾನೇಶ್ವರಿಗೆ ಅದು ದುಃಖ, ನನ್ನ ಅವ್ವ ಗುರುಸಿದ್ದವ್ವಳಿಗೆ ಚಿಂತೆ, ನನಗೆ ವೃತ್ತಿಗೌರವದ ಪ್ರಶ್ನೆ. ದಾಂಡೇಲಿಯ ಲೇಡಿ ಡಾಕ್ಟರು ಹೆಂಡತಿಗೆ ತಿಂಗಳ ದ್ವಿತೀಯಾರ್ಧದಲ್ಲಿ ನುಂಗಲು ಪ್ರೊಜೆಸ್ಟರಾನ್ ಗುಳಿಗೆ ಬರೆದರು, ನನಗೆ ಒಂದು ಪರೀಕ್ಷೆ ಬರೆದರು. ಗುಳಿಗೆಯನ್ನು ಅವತ್ತೇ ತಂದೆ. ಪರೀಕ್ಷೆಗೆ ಬಿಡುವಾಗಲಿಲ್ಲ. (ಎಮ್ಮೆಗಳು ಬೆದೆಗೆ ಬರುವಾಗ ನನ್ನ ಅನುಕೂಲ ಕೇಳುವುದಿಲ್ಲ.)

ಬದಲಿಗೆ ಹೆಂಡತಿಯ ಚಿಕಿತ್ಸೆಯ ಉಸ್ತುವಾರಿಯನ್ನು ಖುದ್ದು ವಹಿಸಿಕೊಂಡೆ.

"ಈ ಹಾರ್ಮೋನ್ ನನಗೇನ ಹೊಸಾದಲ್ಲ. ಗರ್ಭಕೋಶದಾಗ ಕೂಸಿಗೆ ಮೆತ್ತನ್ನ ಹಾಸಿಗಿ ಹಾಸಿ ಕೊಡ್ತೈತಿ. ಎಮ್ಮಿಗೂ ನಾವು ಇದನ್ನ..."

"ನನ್ನ ಮುಂದ ಎಮ್ಮಿ ಸುದ್ದಿ ತಗೀಬ್ಯಾಡ್ರಿ."

"ಉದಾಹರಣಿಗೆ ಹೇಳಿದೆ."

"ಲಗ್ನ ಆದಾಗಿಂದ ಬರೇ ಎಮ್ಮಿ ಉದಾಹರಣಿನ! ನಿಮ್ಮ ಟೆಸ್ಟ್ ಯಾವಾಗ?"

"ನಂದೇನ ನೋಡೂದೈತಿ? ನಮ್ಮಪ್ಪಗ ಏಳು ಮಕ್ಕಳು."

"ಅದು ಮಾವಾರ ರಿಪೋರ್ಟು. ನಿಮ್ಮದು ಹೇಳ್ರಿ."

ಅಡುಗೆಮನೆಯಿಂದ ಅವ್ವ ನನ್ನ ಪರವಾಗಿ ತೀರ್ಪು ಕೊಟ್ಟಳು: "ಗಂಡಸರಿಗೆ ಎಂಥಾ ಟೆಸ್ಟವಾ?" ಬಹುಮತ ನನ್ನ ಕಡೆಗಿತ್ತು. ಆ ತಿಂಗಳೂ ದಾನೇಶ್ವರಿ ಗುಳಿಗೆ ನುಂಗಿದಳು, ಆ ತಿಂಗಳೂ ಬಚ್ಚಲುಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಮುಂದಿನ ರವಿವಾರ ಅವಳನ್ನು ಬೈಕಿನಲ್ಲಿ ತವರಿಗೆ ಕರೆದೊಯ್ಯುತ್ತಿದ್ದೆ. ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ರೈತ ಲಗಮಪ್ಪ ಕೈ ಅಡ್ಡ ಹಿಡಿದ.

"ಡಾಕ್ಟರ್ರ, ನಮ್ಮ ಎಮ್ಮಿಗೆ ಊರ ಕೋಣ ಕೊಡಿಸಿ ಕೊಡಿಸಿ ಸಾಕಾತ್ರಿ. ಗಬ್ಬ ನಿಲ್ಲವಲ್ದು. ಸಂತ್ಯಾಗ ಮಾರಿಬಿಡ್ತೇನಿ."

ನನ್ನೊಳಗಿನ ತಜ್ಞ ಬೈಕಿನಿಂದ ನಾನಿಳಿಯುವ ಮೊದಲೇ ಇಳಿದ.

"ಮೊದಲ ಕೋಣ ತಪಾಸ ಮಾಡ್ಸೀ ಏನ?"

"ಕೋಣಕ್ಕೇನ ಆಗೈತ್ರಿ? ಎಂಥಾ ಮೈಕಟ್ಟ! ಅದರಪ್ಪಂದು ಊರ ತುಂಬ ಕರ ಅದಾವು."

"ಅಪ್ಪಂದ ಯಾರ ಕೇಳ್ಯಾರೋ ಮಾರಾಯಾ? ಮೈಕಟ್ಟ ನೋಡಿ ಮೋಸ ಹೋಗಬ್ಯಾಡ. ಎಷ್ಟೋ ಕಡೆ ದೋಷ ಕೋಣದಾಗ ಇರ್ತೈತಿ, ಸುಮ್ಮನ ಬಡವಿ ಎಮ್ಮಿಗೆ ಔಷಧ ಕುಡಿಸಿ ಸಾಯಸ್ತೀರಿ. ಬುದ್ಧಿ ಬ್ಯಾಡನು?"

ಲಗಮಪ್ಪ ಕೈಮುಗಿದ. ಇಷ್ಟು ಸೊಗಸಾಗಿ ನಾನು ತರಬೇತಿ ಶಿಬಿರದಲ್ಲೂ ಮಾತಾಡಿರಲಿಲ್ಲ. ಮೆಚ್ಚುಗೆಯ ನಿರೀಕ್ಷೆಯಲ್ಲಿ ಹಿಂತಿರುಗಿ ನೋಡಿದೆ. ದಾನೇಶ್ವರಿ ಬೈಕಿನಿಂದ ಇಳಿದು ನಿಂತಿದ್ದಳು.

"ಗಾಡಿ ಹೊಳ್ಳಸ್ರಿ. ದಾಂಡೇಲಿಗೆ ಹೋಗೂಣು."

"ಯಾಕ?"

"ಕೋಣ ತಪಾಸಕ್ಕ."

"ಲೇ, ಮಂದಿ ಮುಂದ ಏನ ಮಾತಾಡ್ತಿ..."

"ಮಂದಿ ಮುಂದ ನೀವ ಹೇಳಿದ್ದು. ತಿಂಗಳಾ ಗುಳಿಗಿ ನುಂಗಿ ತಿಂಗಳಾ ಅಳೂದು ಸಾಕಾಗೇತ್ರಿ ನನಗ. ನನಗ ಕೂಸು ಬೇಕು, ನಿಮಗ ಮಾನ ಬೇಕು. ಯಾವುದು ಮೊದಲು, ಇಲ್ಲೇ ಹೇಳ್ರಿ."

ಲಗಮಪ್ಪ ಮರ್ಯಾದಸ್ಥ. ಎಮ್ಮೆಯ ಕಡೆಗೆ ಮುಖ ತಿರುಗಿಸಿ ನಿಂತ. (ಕಿವಿ ಮಾತ್ರ ತಿರುಗಿಸಲಿಲ್ಲ.) ನಾನು ಗಾಡಿ ತಿರುಗಿಸಿದೆ.

ಜಗತ್ಪ್ರಸಿದ್ಧ ಕೋಣಗಳ ವೀರ್ಯವನ್ನು ಬೆರಳ ತುದಿಯಲ್ಲಿ ಆಡಿಸಿದ ಮನುಷ್ಯ ನಾನು. ಆಸ್ಪತ್ರೆಯ ಬಚ್ಚಲಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಾಗ, ನಮ್ಮ ಇಲಾಖೆ ಆ ಕೋಣಗಳ ಅಭಿಪ್ರಾಯವನ್ನು ಒಮ್ಮೆಯೂ ಕೇಳದಿದ್ದುದು ಅನ್ಯಾಯವೆನಿಸಿತು. ಬಳಿಕ ರಕ್ತವನ್ನೂ ತೆಗೆದುಕೊಂಡರು.

ವರದಿ ಬಂದ ದಿನ ನಾನು ವಿಜಯದ ನಗೆಯನ್ನು ಸಿದ್ಧಪಡಿಸಿಕೊಂಡೇ ಕುಳಿತಿದ್ದೆ. ಡಾಕ್ಟರಮ್ಮ ಕನ್ನಡಕ ಸರಿಪಡಿಸಿಕೊಂಡರು.

"ನಿಮ್ಮ ಮನೆಯವ್ರ ಗುಳಿಗಿ ಸದ್ಯಕ್ಕ ನಿಲ್ಲಸೂಣು. ಹಾರ್ಮೋನ್ ಕಡಿಮಿ ಇರೂದು ನಿಮಗ. ಹೆದರಬ್ಯಾಡ್ರಿ, ಔಷಧಕ್ಕ ಆರಾಮ ಆಗೂ ತೊಂದರಿನ. ಕೆಲವು ತಿಂಗಳು ಇಂಜೆಕ್ಷನ್ ತಗೋಬೇಕು."

ಚೀಟಿ ಓದಿದೆ. ಹೆಸರು ಪರಿಚಿತವೇ. ಸರಿಯಾಗಿ ಬೆದೆಗೆ ಬಾರದ ಆಕಳುಗಳಿಗೆಂದು ಅದೇ ಜಾತಿಯ ಔಷಧ ನನ್ನ ಚೀಲದಲ್ಲೂ ಇರುತ್ತದೆ. ಪ್ರಮಾಣ ಮಾತ್ರ ಬೇರೆ.

ದಾನೇಶ್ವರಿ ಹೊರಗೆ ಬಂದು ಅತ್ತಳು. ಈ ಸಲ ನಲ್ಲಿಯ ಸದ್ದಿರಲಿಲ್ಲ, ನಡುನಡುವೆ ನಗುತ್ತಲೂ ಇದ್ದಳು. "ಆರಾಮ ಆಗೂ ತೊಂದರಿ ಅಂದ್ರಲ್ರೀ" ಎಂದು ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಹೇಳಿದಳು.

ಚುಚ್ಚುವವರು ಯಾರು? ಹಳಿಯಾಳದ ದವಾಖಾನೆಯ ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಎಮ್ಮೆಯ ಮಾಲೀಕರೇ. ನನಗೆ ನಾನೇ ಚುಚ್ಚಿಕೊಳ್ಳಲು ಎರಡು ಬಾರಿ ಸೂಜಿ ಎತ್ತಿದೆ. ಎರಡು ಬಾರಿಯೂ ಕೈ ತಪಸ್ಸಿಗೆ ಕುಳಿತಿತು. ಕಡೆಗೆ ದಾಂಡೇಲಿಯ ನರ್ಸಿನಿಂದ ಕಲಿತು ಬಂದ ದಾನೇಶ್ವರಿ ಸಿರಿಂಜು ಹಿಡಿದು ನಿಂತಳು. ನಾನು ಕಿಟಕಿಯ ಸರಳು ಹಿಡಿದು, ಲುಂಗಿ ಸಡಿಲಿಸಿ, ಗೋಡೆಯ ಕಡೆಗೆ ಮುಖ ಮಾಡಿದೆ.

ಅವ್ವ ಬಾಗಿಲಲ್ಲಿ ಇಣುಕಿದಳು. ವರದಿ ಬಂದಾಗಿನಿಂದ ಅವಳು ಸೊಸೆಯ ಪಕ್ಷ ಸೇರಿದ್ದಳು.

"ಭಾಳ ಜಿಗದಾಡ್ತಾನೇನವಾ? ಹಗ್ಗ ತರ್ಲೇನು?"

ದಾನೇಶ್ವರಿ ನನ್ನ ಬೆನ್ನ ಮೇಲೆ ಎರಡು ಸಲ ಹಗುರಾಗಿ ತಟ್ಟಿದಳು.

"ಬ್ಯಾಡ್ರಿ ಅತ್ತೀ. ಒದಿಯೂದಿಲ್ಲ, ಹಾಯೂದಿಲ್ಲ. ಭಾಳ ಸಾಧು ಐತಿ."