ಗಾಜಿನ ಬೀರುವಿನ ಬೂಟು

ಬೂಟಪ್ಪನವರ ಮಾನ ಹೋಗುವುದಕ್ಕೆ ಒಂದು ಚಮಚ ಅಂಟಿನ ಕೊರತೆ ಸಾಕಾಯಿತು.

ಬೂಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸೈನ್ಯದ ಉಗ್ರಾಣದಲ್ಲಿ ಅವರು ಬೂಟು ಪರೀಕ್ಷಕರು. ಕಂಟ್ರಾಕ್ಟರ್ ತಂದು ಸುರಿಯುವ ಬೂಟುಗಳನ್ನು ನೋಡಿ, ಸರಿಯಿದ್ದರೆ ಒಳಗಡೆ ತಮ್ಮ ನಂಬರಿನ ಗುಂಡು ಮುದ್ರೆ ಒತ್ತುವುದು ಅವರ ಕೆಲಸ. ಕ್ವಾರ್ಟರ್ಸಿನ ಮಂದಿ ಬೂಟಪ್ಪ ಎಂದು ಕರೆದರು, ಅವರೂ ಓಗೊಟ್ಟರು. ಕಂಟ್ರಾಕ್ಟರನ ಕೈಯಿಂದ ಅವರು ಒಂದು ಲೋಟ ಚಹಾ ಕೂಡ ಕುಡಿದವರಲ್ಲ. ಈ ವಿಷಯ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಅವರೇ ಎಲ್ಲರಿಗೂ ಹೇಳಿದ್ದರು.

ಅವತ್ತು ಬೆಳಿಗ್ಗೆ ಪೇಪರ್ ಎತ್ತಿಕೊಳ್ಳಲು ಬಗ್ಗಿದಾಗ ಹೊಸಿಲಿನ ಪಕ್ಕ ಭಾಮೈದನ ಬೂಟು ಕಣ್ಣಿಗೆ ಬಿತ್ತು. ಹೆಂಡತಿಯ ಈ ತಮ್ಮ ಹಿಮದ ಗುಡ್ಡದ ಮೇಲೆ ಗಡಿ ಕಾಯುವ ಸಿಪಾಯಿ. ರಜೆ ಮುಗಿದಿತ್ತು, ಸಂಜೆಯ ಬಸ್ಸಿಗೆ ಹೊರಡಬೇಕಿತ್ತು. ಬೂಟಿನ ಅಟ್ಟೆ ಮೇಲ್ಭಾಗದ ಸಂಬಂಧ ಕಡಿದುಕೊಂಡು ಆಕಳಿಸುತ್ತಿತ್ತು. ಒಳಗೆ ಬಿಸ್ಕತ್ತಿನ ಡಬ್ಬದ ರಟ್ಟು.

"ಇದೇನೋ ಇದು?"

"ರಟ್ಟು ಭಾವ. ಅಲ್ಲಿ ಎಲ್ರೂ ಹಾಗೇ ಮಾಡ್ಕೊಳ್ಳೋದು. ನೆನೆದ್ರೆ ಬೇರೆ ಹಾಕ್ಕೋತೀವಿ," ಅವನು ಚಹಾ ಊದುತ್ತಾ ಹೇಳಿದ. "ನನ್ನ ಪಕ್ಕದ ಹಾಸಿಗೆಯವ್ನು ಒಂದಿನ ಮರೆತ. ಕಾಲ್ಬೆರಳೆಲ್ಲ ಕಪ್ಪಾಗಿ, ಕತ್ತರಿಸ್ಬೇಕಾಯ್ತು."

ಬೂಟಪ್ಪ ರಟ್ಟು ಸರಿಸಿ ನೋಡಿದರು. ಒಳಗೆ ಗುಂಡು ಮುದ್ರೆ. ನಂಬರು ತಮ್ಮದೇ.

ಕಾಲ ಕೆಳಗಿನ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ, ಬೂಟು ಮಾತ್ರ ಬಿಟ್ಟುಕೊಂಡೇ ಇತ್ತು. ಅವರು ರಟ್ಟನ್ನು ಮೆಲ್ಲಗೆ ಮುಚ್ಚಿ, "ಸಂಜೆ ಒಳಗೆ ನಿನಗೊಂದು ಹೊಸ ಜೋಡಿ ಕೊಡಿಸ್ತೀನಿ. ನಾನೇ ಕೈಯಾರೆ ನೋಡಿ ಮುದ್ರೆ ಒತ್ತಿದ್ದು," ಎಂದರು.

"ಅಷ್ಟಾದ್ರೆ ಸಾಕು ಭಾವ," ಎಂದು ಅವನು ನಕ್ಕ.

ಉಗ್ರಾಣದ ಪರೀಕ್ಷೆಯ ವಿಧಾನ ಹೀಗಿತ್ತು. ಮೇಜರ್ ಸಾಹೇಬರ ಕೋಣೆಯಲ್ಲಿ ಒಂದು ಗಾಜಿನ ಬೀರು. ಅದರಲ್ಲಿ ಒಂದು ಜೋಡಿ ಮಾದರಿ ಬೂಟು, ಮದುಮಗನ ಹಾಗೆ ಮಿರಮಿರ ಮಿಂಚುವಂಥದ್ದು. ಪ್ರತಿ ಸಲ ಹೊಸ ಸರಕು ಬಂದಾಗ ಈ ಮಾದರಿ ಜೋಡಿಯನ್ನೇ ತೆಗೆದು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡುವರು. ಎಲ್ಲರೂ ಚಹಾ ಕುಡಿದು ಬರುವ ಹೊತ್ತಿಗೆ ಬೂಟು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತಿತ್ತು. ಸರಕು ಪಾಸು. ಬೂಟನ್ನು ಒರೆಸಿ ಮತ್ತೆ ಬೀರುವಿಗೆ. ವರ್ಷಗಳಿಂದ ಆ ಒಂದೇ ಜೋಡಿ ಇಡೀ ಸೈನ್ಯದ ಪರವಾಗಿ ಪರೀಕ್ಷೆ ಬರೆದು ಪಾಸಾಗುತ್ತಿತ್ತು. ಬೂಟಪ್ಪನವರು ಬಕೆಟ್ಟಿನಲ್ಲಿ ಏನಿದೆಯೋ ಅದನ್ನು ನೋಡಿ ಪ್ರಾಮಾಣಿಕವಾಗಿ ಮುದ್ರೆ ಒತ್ತುತ್ತಿದ್ದರು. ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡುವ ಕೆಟ್ಟ ಅಭ್ಯಾಸ ಅವರಿಗಿರಲಿಲ್ಲ.

ಇವತ್ತೂ ಸರಕು ಬಂದಿತ್ತು. ಬಕೆಟ್ಟು ಸಿದ್ಧವಿತ್ತು. ಹಿರಿಯ ಗುಮಾಸ್ತರು ಬೀರುವಿನ ಕೀಲಿಕೈ ಹಿಡಿದು ನಿಂತಿದ್ದರು. ಬೂಟಪ್ಪ ನೇರ ಹೋಗಿ ಪೆಟ್ಟಿಗೆಯ ಹಲಗೆ ಎಬ್ಬಿಸಿ, ಕೈಗೆ ಸಿಕ್ಕ ಜೋಡಿಯನ್ನು ನೀರಿಗೆ ಹಾಕಿಬಿಟ್ಟರು.

ಬೂಟು ಗುಳುಗುಳು ಎಂದಿತು. ಸ್ವಲ್ಪ ಹೊತ್ತಿಗೆ ಒಂದು ಅಟ್ಟೆ ಕಳಚಿಕೊಂಡು ಮೇಲೆ ತೇಲಿತು. ಹಿಂದೆಯೇ ಇನ್ನೊಂದು.

"ಏನ್ ಸಾರ್ ಹೀಗ್ ಮಾಡ್ಬಿಟ್ರಿ!" ಕಂಟ್ರಾಕ್ಟರ್ ಎದೆ ಹಿಡಿದುಕೊಂಡ. "ಅದು ನಡೆಯೋಕೆ ಮಾಡಿದ್ದು ಸಾರ್, ಮುಳುಗಿಸೋಕಲ್ಲ!"

"ಸೈನಿಕರು ಬಕೆಟ್‌ನಲ್ಲಿ ಯುದ್ಧ ಮಾಡ್ತಾರೇನ್ರೀ?" ಮೇಜರ್ ಗುಡುಗಿದರು. "ಹೊರಗೆ ತೆಗೀರಿ. ಒಣಗಿಸಿ. ಮುದ್ರೆ ಒತ್ತಿ."

"ಒತ್ತಲ್ಲ ಸಾರ್," ಎಂದರು ಬೂಟಪ್ಪ. ತಮ್ಮ ದನಿ ಕೇಳಿ ತಮಗೇ ಗಾಬರಿಯಾಯಿತು.

ಗುಮಾಸ್ತರು ಅವರನ್ನು ಮೂಲೆಗೆ ಎಳೆದರು. "ಯಾಕ್ರೀ ಇಲ್ಲದ ಉಸಾಬರಿ? ಎಲ್ರೂ ಮಾಡೋದು ಇದನ್ನೇ. ನೀವೊಬ್ರು ನೆಟ್ಟಗಾದ್ರೆ ಲೋಕ ನೆಟ್ಟಗಾಗತ್ತಾ?"

"ಯಾರಾದ್ರೂ ಒಬ್ರು ಶುರು ಮಾಡ್ಬೇಕಲ್ಲ."

"ಶುರು ಮಾಡೋರು ಮಾಡ್ಲಿ. ನಮಗೆ ಪೆನ್ಷನ್ ಹತ್ರ ಬಂದಿದೆ!"

ಬೂಟಪ್ಪ ಅಲ್ಲಿಗೆ ಬಿಡಲಿಲ್ಲ. ಗುಮಾಸ್ತರ ಮೇಜಿನ ಮೇಲಿದ್ದ ಫೋನೆತ್ತಿ ಸೀದಾ ಬ್ರಿಗೇಡಿಯರ್ ಸಾಹೇಬರಿಗೇ ಹೇಳಿದರು. ಬ್ರಿಗೇಡಿಯರ್ ಹೊಸಬರು, ಖಡಕ್ ಮನುಷ್ಯ ಎಂಬ ಹೆಸರಿತ್ತು. "ಶಾಭಾಷ್! ಅಲ್ಲಿ ಗೋಡೆಗೂ ಕಿವಿ ಇರುತ್ತೆ. ಆ ಬೂಟು ತಗೊಂಡು ಮನೆಗೆ ಹೋಗಿರಿ, ನಾನೇ ಅಲ್ಲಿಗೆ ಬರ್ತೀನಿ," ಎಂದರು. ಗೋಡೆಯ ಕಿವಿಯ ಮಾತು ಹಾಗಿರಲಿ, ಗುಮಾಸ್ತರ ಕಿವಿ ಪಕ್ಕದಲ್ಲೇ ಇತ್ತು.

ಒದ್ದೆ ಬೂಟನ್ನು ಬಗಲಲ್ಲಿಟ್ಟುಕೊಂಡು ಬೂಟಪ್ಪ ಎದೆ ಸೆಟೆಸಿ ಮನೆ ಕಡೆ ನಡೆದರು. ಅವರಿಗಿಂತ ಮೊದಲೇ ಸುದ್ದಿ ಕ್ವಾರ್ಟರ್ಸಿಗೆ ತಲುಪಿತ್ತು. ಬ್ರಿಗೇಡಿಯರ್ ಬರುತ್ತಾರಂತೆ, ಮನೆ ಮನೆ ಜಾಲಾಡುತ್ತಾರಂತೆ ಎಂದು ಅದಕ್ಕೆ ಬಾಲವೂ ಬೆಳೆದಿತ್ತು.

ಬೂಟಪ್ಪ ತಮ್ಮ ಬಾಗಿಲಲ್ಲಿ ನಿಂತು ಬೆಪ್ಪಾದರು. ಹಜಾರದ ತುಂಬ ಸೈನ್ಯದ ಕಂಬಳಿ, ಹಾಲಿನ ಪುಡಿಯ ಡಬ್ಬ, ಮಡಿಸಿದ ಗುಡಾರ, ಹಸಿರು ಬಣ್ಣದ ಡ್ರಮ್ಮು. ಕುರ್ಚಿಯ ಮೇಲೆ ಒಂದು ಹೆಲ್ಮೆಟ್, ಅದರೊಳಗೆ ಮಣ್ಣು, ಮಣ್ಣಿನಲ್ಲಿ ಹೂ ಬಿಟ್ಟ ಗಿಡ. ಎದುರುಮನೆ ಅಜ್ಜಿ ನೀರಿನ ಕ್ಯಾನೊಂದನ್ನು ಗೇಟಿನವರೆಗೆ ಎಳೆದು ತಂದು, ಅಲ್ಲೇ ಬೀಳಿಸಿ, ಕುತ್ತಿಗೆಯಲ್ಲಿದ್ದ ದುರ್ಬೀನನ್ನು ತೆಗೆಯುತ್ತಿದ್ದರು. ಎಲ್ಲರ ಮನೆಯ ಸಮಾಚಾರ ಅಜ್ಜಿಗೆ ಹೇಗೆ ಗೊತ್ತಾಗುತ್ತಿತ್ತು ಎಂಬ ಹಳೆಯ ಸಂಶಯ ಬೂಟಪ್ಪನವರಿಗೆ ಆಗ ಬಗೆಹರಿಯಿತು.

"ಏನಿದೆಲ್ಲ?"

"ಸ್ವಲ್ಪ ಹೊತ್ತು ಇಲ್ಲಿರ್ಲಿ ಕಣಪ್ಪಾ," ಅಜ್ಜಿ ಹೇಳಿದರು. "ನಿನ್ ಮನೇನ ಯಾರು ಹುಡುಕ್ತಾರೆ? ಸತ್ಯವಂತನ ಮನೆ!"

"ಈ ಗಲಾಟೆ ಮಾಡಿದ್ದೂ ನೀವೇ, ಈಗ ಕಾಯೋದೂ ನೀವೇ ತಾನೆ?" ಗುಮಾಸ್ತರ ಹೆಂಡತಿ ಕಂಬಳಿಯ ಗಂಟನ್ನು ಅವರ ಕೈಗೇ ತುರುಕಿದರು. ಬಗಲಲ್ಲಿದ್ದ ಒದ್ದೆ ಬೂಟು ಗಂಟಿನ ಮರೆಗೆ ಹೋಯಿತು.

"ತಗೊಂಡ್ ಹೋಗ್ರೀ ಎಲ್ಲಾನೂ!" ಬೂಟಪ್ಪ ಕೂಗಿದರು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಜೀಪಿನ ಹಾರನ್ ಕೇಳಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೆಂಗಸರೆಲ್ಲ ಮಾಯ. ಸಾಮಾನು ಮಾತ್ರ ಎಲ್ಲಿಯೂ ಹೋಗಲಿಲ್ಲ.

ಬೂಟಪ್ಪ ಹೆಂಡತಿಯ ಕಡೆ ತಿರುಗಿದರು. "ನೀನಾದ್ರೂ ತಡೀಬಾರ್ದಿತ್ತಾ?"

ಆಕೆ ಸೆರಗಿನ ತುದಿ ಹಿಂಡುತ್ತಾ, "ಯಾವ ಬಾಯಲ್ಲಿ ತಡೀಲಿ? ನಮ್ಮ ಹಾಸಿಗೆ ಮೇಲಿರೋ ಕಂಬಳೀನೂ ಉಗ್ರಾಣದಿಂದ್ಲೇ ಬಂದಿದ್ದು. ಗುಮಾಸ್ತರ ಹೆಂಡ್ತಿ ಕೊಟ್ಟಿದ್ದು. ಇಷ್ಟು ವರ್ಷದಲ್ಲಿ ಎಲ್ಲಿಂದ ಬಂತು ಅಂತ ಒಂದಿನ ಕೇಳಿದ್ರಾ?" ಎಂದಳು.

ಕೇಳಿರಲಿಲ್ಲ. ಕಂಬಳಿ ಬೆಚ್ಚಗಿತ್ತು, ಕೇಳಬೇಕು ಅನ್ನಿಸಿರಲಿಲ್ಲ. ಆ ಬಿಸಿ ಈಗ ಮುಖಕ್ಕೆ ಏರಿತು. ದಾರಿಯುದ್ದಕ್ಕೂ ಬೀಗಿದ್ದ ಎದೆ ಒಳಗಿಂದಲೇ ಕುಸಿಯಿತು.

ಬ್ರಿಗೇಡಿಯರ್ ಒಳಗೆ ಬಂದರು. ಹಿಂದೆ ಮೇಜರ್, ಅವರ ಹಿಂದೆ ಒಂದು ಬೂಟಿನ ಪೆಟ್ಟಿಗೆ ಹೊತ್ತ ಕಂಟ್ರಾಕ್ಟರ್. ಕೈಕುಲುಕಲು ಚಾಚಿದ್ದ ಬ್ರಿಗೇಡಿಯರ್ ಕೈ ಗಾಳಿಯಲ್ಲೇ ನಿಂತಿತು. ಅವರು ಗುಡಾರ ನೋಡಿದರು, ಡ್ರಮ್ಮು ನೋಡಿದರು, ಹೆಲ್ಮೆಟ್ಟಿನ ಹೂವನ್ನಂತೂ ಬಹಳ ಹೊತ್ತು ನೋಡಿದರು.

"ಇದು ಮನೆಯೋ, ಉಗ್ರಾಣವೋ?"

ಬೂಟಪ್ಪ ಬಾಯಿ ತೆರೆದರು. ನೆರೆಯವರ ಹೆಸರು ಹೇಳೋಣವೆಂದರೆ ಒಳಗಿನ ಕೋಣೆಯಲ್ಲಿ ತಮ್ಮದೇ ಕಂಬಳಿ ಬಾಗಿಲಿಗೆ ಕಾಣುವಂತೆ ಹರಡಿಕೊಂಡಿತ್ತು. ಆಗ ಮೇಜರ್ ಸಾಹೇಬರು ಮುಂದೆ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು.

"ಉಗ್ರಾಣವೇ ಸಾರ್. ಅಲ್ಲಿ ಜಾಗ ಸಾಲಲ್ಲ. ಹೆಚ್ಚಾದದ್ದನ್ನ ಇವರ ಮನೇಲಿ ಇಟ್ಟಿದ್ದೀವಿ. ಇಂಥ ನಂಬಿಕಸ್ಥರು ಬೇರೆ ಯಾರಿದ್ದಾರೆ ಹೇಳಿ? ಆ ಬೂಟಿನ ಗಲಾಟೆ ಏನೂ ಇಲ್ಲ ಸಾರ್. ಇವರ ಭಾಮೈದನ ಹಳೇ ಬೂಟು ಹರಿದಿದೆ, ನೋಡಿ, ಬಾಗಿಲಲ್ಲೇ ಇದೆ. ಅದನ್ನೇ ಹೊಸ ಸರಕು ಅಂದ್ಕೊಂಡು ಇವರಿಗೆ ಗುರುತು ತಪ್ಪಿದೆ. ಅಲ್ವೇನ್ರೀ?"

ಹೆಗಲ ಮೇಲಿನ ಕೈ ಭಾರವಾಯಿತು.

"ಹೌದೇ?" ಬ್ರಿಗೇಡಿಯರ್ ನೇರವಾಗಿ ಬೂಟಪ್ಪನವರನ್ನೇ ಕೇಳಿದರು. "ನೀವು ಹೇಳಿ. ನಿಮ್ಮ ಮಾತೇ ನನಗೆ ಮುಖ್ಯ. ಹೊಸ ಬೂಟು ಹೇಗಿದೆ?"

ಲೋಕ ಬದಲಾಯಿಸುವುದಕ್ಕೆ ಒಂದೇ ಒಂದು ಮಾತು ಸಾಕಿತ್ತು. ಬೂಟಪ್ಪ ಹೆಂಡತಿಯನ್ನು ನೋಡಿದರು, ಕಂಬಳಿಯನ್ನು ನೋಡಿದರು.

"ಗುರುತು ತಪ್ಪಿತು ಸಾರ್," ಎಂದು ಬಗಲಿನ ಒದ್ದೆ ಬೂಟನ್ನು ಕಂಬಳಿಯ ಗಂಟಿನೊಳಗೆ ತಳ್ಳಿದರು. "ಹೊಸದು ಚೆನ್ನಾಗಿದೆ."

ಅದೇ ಹೊತ್ತಿಗೆ ಭಾಮೈದ ಬಸ್ಸಿನ ಟಿಕೆಟ್ ತೆಗೆದುಕೊಂಡು, ಚಪ್ಪಲಿ ಕಾಲಲ್ಲಿ ಒಳಗೆ ಬಂದ. ಬ್ರಿಗೇಡಿಯರ್ ಅವರನ್ನು ಕಂಡು ಸೆಟೆದು ಸೆಲ್ಯೂಟ್ ಹೊಡೆದ. ಅವರು ಬಾಗಿಲ ಬಳಿಯ ಹರಿದ ಬೂಟನ್ನೂ ಅವನ ಕಾಲನ್ನೂ ನೋಡಿ ಮರುಗಿದರು. ಖಡಕ್ ಆದರೂ ಕರುಳುಳ್ಳ ಮನುಷ್ಯ.

"ಗಡಿ ಕಾಯೋ ಹುಡುಗ ಇದನ್ನ ಹಾಕ್ಕೋಬೇಕಾ? ಈಗಲೇ ಹೊಸದು ಕೊಡಿ!"

ಕಂಟ್ರಾಕ್ಟರ್ ಪೆಟ್ಟಿಗೆ ತೆರೆದು ಒಂದು ಜೋಡಿ ತೆಗೆದ. ಮುಖದಲ್ಲಿ ಸಾಕ್ಷಾತ್ ಧರ್ಮಾತ್ಮನ ಕಳೆ. ಎಲ್ಲರೂ ಬೂಟಪ್ಪನವರನ್ನು ನೋಡಿದರು. ಮುದ್ರೆ ಅವರ ಜೇಬಿನಲ್ಲೇ ಇತ್ತು. ಊಟದ ಮೇಜಿನ ಮೇಲೆ ಬೂಟನ್ನಿಟ್ಟು ಒತ್ತಿದರು. ನಂಬರು ಸ್ಪಷ್ಟವಾಗಿಯೇ ಮೂಡಿತು.

ಬ್ರಿಗೇಡಿಯರ್ ಹೊರಡುವಾಗ ಪ್ರಾಮಾಣಿಕತೆಗೆ ಒಂದು ಪ್ರಶಸ್ತಿಪತ್ರ ಕೊಡಿಸುವುದಾಗಿ ಹೇಳಿದರು. ಈ ಹಜಾರವನ್ನು ಅಧಿಕೃತ ಉಪ ಉಗ್ರಾಣವೆಂದು ಘೋಷಿಸಿ, ಕಾಯುವ ಜವಾಬ್ದಾರಿಯನ್ನೂ ಅವರಿಗೇ ವಹಿಸಿದರು. ಜೀಪು ಮರೆಯಾದ ಮೇಲೆ ಅಜ್ಜಿ ದುರ್ಬೀನು ಕೇಳಲು ಬಂದರು. ಅದು ಈಗ ಸರ್ಕಾರದ್ದು ಎಂದು ತಿಳಿದಾಗ, "ಕಳ್ಳ ಬಡ್ಡಿಮಗನೇ!" ಎಂದು ಬೈದು ಹೋದರು. ಆ ಉಗ್ರಾಣದ ಚರಿತ್ರೆಯಲ್ಲಿ ಮುಖದ ಮೇಲೆಯೇ ಕಳ್ಳ ಅನ್ನಿಸಿಕೊಂಡವರು ಬೂಟಪ್ಪ ಒಬ್ಬರೇ.

ಭಾಮೈದ ಹೊಸ ಬೂಟು ತೊಟ್ಟು, ನೆಲಕ್ಕೆ ಒಮ್ಮೆ ಟಪ್ಪೆಂದು ಕುಟ್ಟಿ ನೋಡಿದ. ಬೂಟಪ್ಪ ಅವನ ಮುಖ ನೋಡಲಾರದೆ ಲೇಸು ಬಿಗಿಯುವ ನೆಪದಲ್ಲಿ ಕಾಲ ಬಳಿ ಕೂತರು. ಕೂತವರಿಗೆ ಏಳಲು ಮನಸ್ಸಾಗಲಿಲ್ಲ.

"ಹಳೇದನ್ನೂ ಇಟ್ಕೋ," ಎಂದರು. "ರಟ್ಟು... ರಟ್ಟೂ ಇರ್ಲಿ."

"ಅದ್ಯಾಕೆ ಭಾವ? ಇದು ನೀವು ಕೈಯಾರೆ ನೋಡಿ ಒತ್ತಿದ್ದು ತಾನೆ?" ಅವನು ಬಗ್ಗಿ ಅವರ ಕಾಲು ಮುಟ್ಟಿದ. "ನಮ್ಮೋರಿಗೆಲ್ಲ ಹೇಳ್ತೀನಿ, ಈ ನಂಬರ್ ನೋಡಿ ತಗೊಳ್ಳಿ ಅಂತ."

ಚೀಲ ಹೆಗಲಿಗೇರಿಸಿ ಅವನು ಗೇಟಿನ ಕಡೆ ನಡೆದ. ಅಜ್ಜಿ ಬೀಳಿಸಿದ್ದ ಕ್ಯಾನಿನಿಂದ ನೀರು ಹರಿದು ಅಲ್ಲಿ ಸಣ್ಣ ಕೊಳವೇ ಆಗಿತ್ತು.

"ನೀರು! ನೀರು!" ಬೂಟಪ್ಪ ಕೂತಲ್ಲಿಂದಲೇ ಕಿರುಚಿದರು. "ನೀರು ತಪ್ಪಿಸಿ ನಡಿಯೋ!"

ಅವನು ಒಂದೇ ನೆಗೆತಕ್ಕೆ ದಾಟಿ, ತಿರುಗಿ ನೋಡಿ ನಕ್ಕ.

"ಯಾಕೆ ಹೆದರ್ತೀರಾ ಭಾವ? ಅಲ್ಲಿ ನೀರೆಲ್ಲಿಂದ ಬರ್ಬೇಕು? ಬರೀ ಹಿಮ."