ಮಂಗಳೂರಿಗೆ ಬಿಸಿ ಪತ್ರೊಡೆ

ಮುಂಬಯಿಗೆ ಅತಿ ಹತ್ತಿರದ ಉಪನಗರ ಯಾವುದು ಗೊತ್ತೇ? ಕುರ್ಲಾ ಅಲ್ಲ, ಪರೇಲ್ ಅಂತೂ ಅಲ್ಲವೇ ಅಲ್ಲ. ನಮ್ಮ ದೊಡ್ಡಮ್ಮನ ಪ್ರಕಾರ ಅದು ಮಂಗಳೂರು! ವಿಲೆ ಪಾರ್ಲೆಯಲ್ಲಿ ಅವಳ ಮನೆಯ ತಲೆಯ ಮೇಲೆಯೇ ವಿಮಾನಗಳ ಓಡಾಟ. "ನೀನು ಪರೇಲಿಂದ ಟ್ಯಾಕ್ಸಿಯಲ್ಲಿ ಇಲ್ಲಿಗೆ ಬರ್ಲಿಕ್ಕೆ ಎರಡು ಗಂಟೆ. ಮಂಗಳೂರಿಗೆ ಒಂದೂವರೆ. ಯಾವುದು ದೂರ, ನೀನೇ ಹೇಳು" ಎನ್ನುತ್ತಾಳೆ. ಏಳುನೂರು ಕಿಲೋಮೀಟರ್ ಉಂಟಲ್ಲ ಎಂದು ನಾನು ಗೊಣಗಿದರೆ, "ಕಿಲೋಮೀಟರ್ ಎಲ್ಲ ನಡೆದುಕೊಂಡು ಹೋಗುವವರಿಗೆ" ಎಂದು ಬಾಯಿ ಮುಚ್ಚಿಸುತ್ತಾಳೆ.

ಈ ಒಂದೂವರೆ ಗಂಟೆಯ ಹುಚ್ಚು ನೆತ್ತಿಗೇರಿದ್ದು ಮಂಗಳೂರಿನಲ್ಲಿರುವ ಅವಳ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಹಾಸಿಗೆ ಹಿಡಿದ ಮೇಲೆ. ಚಿಕ್ಕಮ್ಮನಿಗೆ ಊಟವೇ ಸೇರುತ್ತಿರಲಿಲ್ಲ. ಮೂರು ವಾರದಿಂದ ಎರಡು ಚಮಚ ಗಂಜಿಯೇ ಹೆಚ್ಚು. ದೊಡ್ಡಮ್ಮನಿಗೋ ಮೊಣಕಾಲು ನೋವು, ಲಿಫ್ಟಿಲ್ಲದ ಮೂರನೇ ಮಹಡಿ. ತಾನು ಹೋಗಲಾಗದಿದ್ದರೇನು, ತನ್ನ ಕೈಯ ಕೆಸುವಿನೆಲೆ ಪತ್ರೊಡೆ ಹೋಗಬಹುದಲ್ಲ! ಅದೂ ಬಿಸಿಬಿಸಿಯಾಗಿ. ಬಿಸಿ ಇದ್ದರೆ ತಂಗಿ ಖಂಡಿತ ತಿನ್ನುತ್ತಾಳೆ ಎಂಬುದು ಅವಳ ನಂಬಿಕೆ.

ಡಬ್ಬಿ ತಮ್ಮ ತಲೆಗೆ ಕಟ್ಟಿಯಾಳೆಂದು ಬಿಲ್ಡಿಂಗಿನಲ್ಲಿ ಮಂಗಳೂರಿಗೆ ಹೊರಟವರೆಲ್ಲ ಕಳ್ಳಹೆಜ್ಜೆ ಇಡತೊಡಗಿದರು. ಕೆಳಗಿನ ಮನೆಯ ಹೋಟೆಲಿನವರು ಸೂಟ್‌ಕೇಸ್ ಹಿಡಿದು, "ಲೋನಾವಳಾಕ್ಕೆ, ಎರಡೇ ದಿನ" ಎಂದು ಹಲ್ಲು ಕಿರಿದರು. "ಲೋನಾವಳಾದಲ್ಲಿ ಏರ್‌ಪೋರ್ಟ್ ಯಾವಾಗ ಆಯ್ತು? ರಿಕ್ಷಾದವನಿಗೆ ಹೇಳಿದ್ದು ನನಗೆ ಕೇಳಿತು!" ಎಂದು ಬಾಲ್ಕನಿಯಿಂದ ದೊಡ್ಡಮ್ಮನ ಬಾಣ ಬಂತು. ಅವರು ಹೇಗೋ ತಪ್ಪಿಸಿಕೊಂಡರು. ಕೊನೆಗೆ ಸಿಕ್ಕಿಬಿದ್ದವನು ನಾನು.

"ದೊಡ್ಡಮ್ಮ, ಎರಡು ಗಂಟೆ ಮೊದಲೇ ಏರ್‌ಪೋರ್ಟಿನಲ್ಲಿರಬೇಕು."

"ನೀನಿರು. ಪತ್ರೊಡೆ ಯಾಕೆ ಅಷ್ಟು ಬೇಗ ಹೋಗ್ಬೇಕು?"

ನಾನು ಹೊರಡುವ ಕೊನೇ ಗಳಿಗೆಗೆ ಒಲೆಯಿಂದಿಳಿಸಿ, ಡಬ್ಬಿಗೆ ಟವಲ್, ಟವಲಿನ ಮೇಲೆ ದೊಡ್ಡಪ್ಪನ ಮಫ್ಲರ್ ಸುತ್ತಿ ಕೊಟ್ಟಳು. ಸೆಕ್ಯುರಿಟಿಯಲ್ಲಿ ಮಫ್ಲರ್ ಬಿಚ್ಚಿಸಿದರು, ಟವಲ್ ಬಿಚ್ಚಿಸಿದರು. ಮುಚ್ಚಳ ತೆರೆದದ್ದೇ ತಡ, ಹಬೆ ಎದ್ದು ಸಾಹೇಬರ ಕನ್ನಡಕ ಮಸುಕಾಯಿತು! "ಸಾಬ್, ಜಲ್ದಿ ಬಂದ್ ಕರೋ, ಠಂಡಾ ಹೋ ಜಾಯೇಗಾ" ಎಂದು, ತಣ್ಣಗಾಗುವ ಮೊದಲು ಮುಚ್ಚಿಬಿಡಿರೆಂದು ನಾನೇ ಗೋಗರೆದೆ. ಹುಚ್ಚು ಅಂಟುರೋಗ ಸ್ವಾಮಿ! ಮೇಲಾಗಿ ವಿಮಾನ ಒಂದು ಗಂಟೆ ತಡ. ಫೋನಿನಲ್ಲಿ ದೊಡ್ಡಮ್ಮ: "ಎಂತ ಇನ್ನೂ ಅಲ್ಲೇ ಕೂತಿದ್ದೀ? ಡಬ್ಬಿ ಉಂಟು ಅಂತ ಅವರಿಗೆ ಹೇಳಿದ್ದೀಯಾ?"

ಚಿಕ್ಕಮ್ಮನ ಮನೆ ಮುಟ್ಟುವಾಗ ಸಂಜೆ. ಪತ್ರೊಡೆ ಪೂರ್ತಿ ತಣ್ಣಗಾಗಿತ್ತು. ಬಿಸಿ ಮಾಡೋಣವೆಂದು ಅಡುಗೆಮನೆಗೆ ಹೊರಟರೆ ದೊಡ್ಡಮ್ಮನ ಫೋನ್ ಬಂದೇಬಿಟ್ಟಿತು. ಬೇರೆ ದಾರಿ ಕಾಣದೆ ಸ್ಪೀಕರ್ ಹಾಕಿ, ಡಬ್ಬಿ ತೆರೆದು ಚಿಕ್ಕಮ್ಮನ ಮುಂದಿಟ್ಟೆ.

"ಬಿಸಿ ಉಂಟಾ?" ದೊಡ್ಡಮ್ಮನ ಸ್ವರ ಅಷ್ಟು ಅಳುಕಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಚಿಕ್ಕಮ್ಮ ಒಂದು ತುಂಡು ಬಾಯಿಗಿಟ್ಟಳು. "ಅಬ್ಬಾ, ನಾಲಿಗೆ ಸುಟ್ಟಿತು ಅಕ್ಕ!"

"ಊದಿಕೊಂಡು ತಿನ್ನೇ. ಅವಸರ ಎಂತ?"

ಚಿಕ್ಕಮ್ಮ ಅಕ್ಕನಿಗೆ ಕೇಳಿಸುವ ಹಾಗೆ ಆ ತಣ್ಣನೆಯ ಪತ್ರೊಡೆಗೆ ಫೂ, ಫೂ ಎಂದು ಊದಿದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಆಮೇಲೆ ಇನ್ನೊಂದು ತುಂಡಿಗೆ ಕೈ ಚಾಚಿದಳು.